ವೇತನ ಅಂದರು, ಬಹುಮಾನ ಕೊಟ್ಟರು

ಪಿಯುಸಿ ಫಲಿತಾಂಶ ಬಂದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಶಾಲುಗಳ ಕಾಲ ಶುರುವಾಗುತ್ತದೆ. ಮಾಗಡಿಯಲ್ಲೋ ನೆಲಮಂಗಲದಲ್ಲೋ ಕುಣಿಗಲ್ಲಿನಲ್ಲೋ, ಯಾವುದಾದರೊಂದು ಕಲ್ಯಾಣಮಂಟಪದಲ್ಲಿ ಭಾನುವಾರಕ್ಕೊಂದು ಪ್ರತಿಭಾ ಪುರಸ್ಕಾರ. ಜಾತಿಗೊಂದು ಸಂಘ, ಸಂಘಕ್ಕೊಂದು ಭಾನುವಾರ. ಶೇಕಡ ತೊಂಬತ್ತು ದಾಟಿದ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಹತ್ತೂವರೆಗೆ ಅಂತ ಆಹ್ವಾನಪತ್ರಿಕೆಯಲ್ಲಿದ್ದದ್ದು ಮುಖ್ಯ ಅತಿಥಿ ಬಂದ ಮೇಲೆ ಒಂದು ಗಂಟೆಗೆ ಶುರುವಾಗುತ್ತದೆ. ಶಾಲು, ಹಾರ, ಗಾಜಿನ ಫಲಕ, ಕವರಿನಲ್ಲಿ ಎರಡು ಸಾವಿರವೋ ಐದು ಸಾವಿರವೋ. ಫೋಟೊ ತೆಗೆಸಿಕೊಂಡು ಮಕ್ಕಳು ಊಟದ ಸಾಲಿಗೆ ಓಡುತ್ತವೆ. ‘ಪ್ರತಿಭೆಗೆ ಬಡತನ ಅಡ್ಡಿಯಲ್ಲ’ ಅನ್ನುವ ಭಾಷಣ ಊಟದ ಹಾಲಿಗೂ ಕೇಳಿಸುತ್ತಿರುತ್ತದೆ.

ಈ ಸಮಾರಂಭಗಳ ಮೇಲೆ ನನಗೆ ಸಿಟ್ಟಿಲ್ಲ. ಊಟ ಚೆನ್ನಾಗಿರುತ್ತದೆ, ಮಗುವಿನ ಹೆಸರು ಮೈಕಿನಲ್ಲಿ ಕೇಳಿ ಅವ್ವಂದಿರು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. ಸಂಘದವರು ‘ಪುರಸ್ಕಾರ’ ಅಂತ ಬೋರ್ಡು ಬರೆಸಿ ಪುರಸ್ಕಾರವನ್ನೇ ಕೊಡುತ್ತಾರೆ. ನನ್ನ ತಕರಾರಿರುವುದು ‘ವಿದ್ಯಾರ್ಥಿವೇತನ’ ಅಂತ ಬೋರ್ಡು ಬರೆಸಿ ಪುರಸ್ಕಾರ ಕೊಡುತ್ತಿರುವವರ ಜೊತೆ.

ಆ ಪದವನ್ನು ಒಂದು ಸಲ ಬಿಡಿಸಿ ನೋಡಿ. ವಿದ್ಯಾರ್ಥಿಗೆ ಕೊಡುವ ವೇತನ. ವೇತನ ಅಂದರೆ ಸಂಬಳ. ಎಷ್ಟು ಬರುತ್ತದೆ, ಯಾವತ್ತು ಬರುತ್ತದೆ ಅಂತ ಕೆಲಸಕ್ಕೆ ಸೇರುವ ಮೊದಲೇ ಗೊತ್ತಿರುವ ದುಡ್ಡು. ಬೆಂಗಳೂರು ಕಡೆ ಫ್ಯಾಕ್ಟರಿಗೆ ಹೋಗುವ ನಮ್ಮೂರಿನ ಯಾವ ಹುಡುಗನೂ ‘ಕೆಲಸ ಮಾಡು, ವರ್ಷದ ಕೊನೆಗೆ ಮನಸ್ಸಾದರೆ, ದಾಖಲೆ ಸರಿಯಿದ್ದರೆ, ಎಷ್ಟೋ ಒಂದಿಷ್ಟು ಕೊಡುತ್ತೇವೆ’ ಅಂದರೆ ಬಸ್ಸು ಹತ್ತುವುದಿಲ್ಲ. ಅದೇ ಕರಾರಿನ ಮೇಲೆ ಅವನ ತಂಗಿಯನ್ನು ಕಾಲೇಜಿಗೆ ಹೋಗು ಅನ್ನುತ್ತಿದ್ದೇವೆ.

ನಾನು ಗುಡೇಮಾರನಹಳ್ಳಿಯವನು. ಬೆಂಗಳೂರಿನಲ್ಲಿ ಪಾಠ ಮಾಡುತ್ತೇನೆ, ವಾರದ ಕೊನೆಗೆ ಊರಿಗೆ ಬರುತ್ತೇನೆ. ನಾನು ಬಂದಿರುವುದು ಗೊತ್ತಾದರೆ ಜಗಲಿ ಮೇಲೆ ಮಕ್ಕಳು ಫೈಲು ಹಿಡಿದುಕೊಂಡು ಕೂರುತ್ತವೆ. ಹತ್ತು ವರ್ಷದಿಂದ ಈ ಅರ್ಜಿ ತುಂಬುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಎಸ್‌ಎಸ್‌ಪಿ, ಎನ್‌ಎಸ್‌ಪಿ, ಆರ್‌ಡಿ ನಂಬರು, ಆಧಾರ್ ಜೋಡಣೆ, ಓಟಿಪಿ, ಅಪ್ಪನ ಕೀಪ್ಯಾಡ್ ಫೋನಿಗೆ ಬಂದು ಹೊಲದಲ್ಲೇ ಉಳಿದುಹೋದ ಓಟಿಪಿ, ಎಲ್ಲ ಕಂಡಿದ್ದೇನೆ. ಹಾಗಾಗಿ ಇದು ಪತ್ರಿಕೆ ಓದಿ ಬಂದ ಸಿಟ್ಟಲ್ಲ.

ಕೆಲವು ವರ್ಷದ ಹಿಂದೆ ಒಬ್ಬಳು ಹುಡುಗಿ ಬಂದಳು. ಹೆಸರು ಬೇಡ. ಅಪ್ಪನಿಗೆ ಎರಡೂವರೆ ಎಕರೆ, ಮಳೆ ನಂಬಿದ ರಾಗಿ, ಹತ್ತಿಪ್ಪತ್ತು ಮಾವಿನ ಮರ. ಸೈನ್ಸಿನಲ್ಲಿ ಶೇಕಡ 94. ಸಿಇಟಿಯಲ್ಲಿ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿತ್ತು. ಸರ್ಕಾರಿ ಕೋಟಾ ಅಂದರೆ ಪುಕ್ಕಟೆ ಅಂದುಕೊಳ್ಳಬೇಡಿ. ಈಗ ಆ ಸೀಟಿಗೇ ವರ್ಷಕ್ಕೆ ಮುಕ್ಕಾಲು ಲಕ್ಷ ದಾಟುತ್ತದೆ, ಪಿಜಿ ಊಟ ಬೇರೆ. ಸೀಟು ಸಿಕ್ಕ ಮೇಲೆ ಚಾಯ್ಸ್ ಒಂದೋ ಎರಡೋ ನಾಲ್ಕೋ ಅಂತ ಒತ್ತುವುದಕ್ಕೆ, ದುಡ್ಡು ಕಟ್ಟುವುದಕ್ಕೆ ಸಿಗುವುದು ಕೆಲವೇ ದಿನ. ಒಂದು ಒತ್ತಿದರೆ ಸೀಟು ನಿನ್ನದು, ಚಲನ್ ಕಟ್ಟು. ನಾಲ್ಕು ಒತ್ತಿದರೆ ನೀನು ಹೊರಗೆ.

ಅವಳ ಪ್ರಶ್ನೆ ಇಷ್ಟೇ ಇತ್ತು. ‘ಸಾರ್, ಸ್ಕಾಲರ್‌ಶಿಪ್ಪು ಎಷ್ಟು ಬತ್ತದೆ ಅಂತ ಒಂದು ಪೇಪರ್‌ನಲ್ಲಿ ಬರಕೊಡ್ತಾರಾ? ಅದಿದ್ರೆ ಮಿಕ್ಕಿದ್ದಕ್ಕೆ ನಮ್ಮಪ್ಪ ಸಾಲ ಹುಟ್ಟುಸ್ತೀನಿ ಅಂತದೆ.’

ನಾನು ಆ ವಾರವೆಲ್ಲ ಫೋನು ಮಾಡಿದೆ. ಒಂದು ಕಚೇರಿಯಲ್ಲಿ ‘ಅಡ್ಮಿಶನ್ ಆಗ್ಲಿ, ಆಮೇಲೆ ಅಪ್ಲೈ ಮಾಡ್ಲಿ’ ಅಂದರು. ಇನ್ನೊಂದರಲ್ಲಿ ‘ಈ ವರ್ಷದ ಆದೇಶ ಇನ್ನೂ ಬಂದಿಲ್ಲ’ ಅಂದರು. ಕಾಲೇಜಿನವರು ‘ಮೊದಲು ಪೂರ್ತಿ ಕಟ್ಟಿ, ಸ್ಕಾಲರ್‌ಶಿಪ್ ನಿಮ್ಮ ಅಕೌಂಟಿಗೇ ಬರುತ್ತೆ’ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಯಾರೂ ಒಂದು ಅಂಕಿ ಹೇಳಲೂ ಇಲ್ಲ. ಕೊನೆಯ ದಿನ ಸಂಜೆ ನನ್ನ ಲ್ಯಾಪ್‌ಟಾಪಿನಲ್ಲೇ ಅವಳು ನಾಲ್ಕು ಒತ್ತಿದಳು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದಳು. ಬಿಎಸ್ಸಿ ಓದುವುದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಅವಳು ಅದನ್ನು ಆರಿಸಿಕೊಳ್ಳಲಿಲ್ಲ, ಅಷ್ಟೆ.

ಮುಂದಿನ ಬೇಸಿಗೆಯಲ್ಲಿ ಅವಳ ಖಾತೆಗೆ ಕೇಂದ್ರ ಸರ್ಕಾರದ ಮೆರಿಟ್ ಸ್ಕಾಲರ್‌ಶಿಪ್ ಬಂತು. ಆ ಹೊತ್ತಿಗೆ ಮೊದಲ ವರ್ಷ ಮುಗಿಯುತ್ತಾ ಬಂದಿತ್ತು.

ಈ ಕೇಂದ್ರದ ಯೋಜನೆಯನ್ನೇ ಸ್ವಲ್ಪ ನೋಡೋಣ, ಯಾಕೆಂದರೆ ಕಾಲೇಜು ಮಕ್ಕಳಿಗೆ ಮೆರಿಟ್ ಹೆಸರಿನಲ್ಲಿ ಇರುವ ದೊಡ್ಡ ಯೋಜನೆ ಇದು. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ. ಹನ್ನೆರಡನೇ ತರಗತಿಯಲ್ಲಿ ಬೋರ್ಡಿನ ಮೇಲಿನ ಐದನೇ ಒಂದು ಪಾಲಿನಲ್ಲಿ ಇರಬೇಕು, ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಇರಬೇಕು. ಸಿಕ್ಕರೆ ಪದವಿಗೆ ವರ್ಷಕ್ಕೆ 12,000 ರೂಪಾಯಿ. ತಿಂಗಳಿಗೆ ಸಾವಿರ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಶೇಕಡ 50 ಅಂಕ, 75 ಹಾಜರಿ ಬೇಕು. ಇದನ್ನು ತೆಗೆದುಕೊಂಡರೆ ಬೇರೆ ವಿದ್ಯಾರ್ಥಿವೇತನ ತೆಗೆದುಕೊಳ್ಳುವಂತಿಲ್ಲ. ಅಂದರೆ ಯಾವುದು ಬರುತ್ತದೆ, ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಗೊತ್ತಿಲ್ಲದ ಎರಡು ದುಡ್ಡುಗಳಲ್ಲಿ ಒಂದನ್ನು ಹದಿನೆಂಟು ವರ್ಷದ ಮಗು ಈಗಲೇ ಆರಿಸಿಕೊಳ್ಳಬೇಕು. ಅರ್ಜಿ ಹಾಕಬೇಕಾದ್ದು ಕಾಲೇಜಿಗೆ ಸೇರಿದ ಮೇಲೆ. ಆಮೇಲೆ ಕಾಲೇಜು ಪರಿಶೀಲಿಸಬೇಕು, ರಾಜ್ಯ ಪರಿಶೀಲಿಸಬೇಕು, ಆಧಾರ್ ಜೋಡಣೆಯಾದ ಖಾತೆ ಒಪ್ಪಬೇಕು. ಸೇರುವ ದುಡ್ಡಿಲ್ಲದ ಮಗುವಿಗೆ, ಸೇರಿದ ಮೇಲೆ ದುಡ್ಡು.

ರಾಜ್ಯ ಸರ್ಕಾರ ಒಂದು ಕಡೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾಗಿದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪಿಯುಸಿಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ವೃತ್ತಿಪರ ಕೋರ್ಸಿಗೆ 35,000 ಕೊಡುವ ಯೋಜನೆಗೆ ಅದು ಇಟ್ಟಿರುವ ಹೆಸರೇ ಪ್ರೋತ್ಸಾಹಧನ. ಹೆಸರು ಸರಿಯಾಗಿದೆ. ಆದರೆ ಗಮನಿಸಿ, ಕೋರ್ಸು ಮುಗಿಸಿದವರಿಗೆ ಅದು ಸಿಗುತ್ತದೆ. ದುಡ್ಡಿಲ್ಲದೆ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟವನಿಗೂ, ರಾತ್ರಿ ಪಾಳಿ ಮಾಡಿಕೊಂಡು ಓದಿ ಒಂದು ಪೇಪರು ಹಿಂದೆ ಉಳಿಸಿಕೊಂಡವನಿಗೂ ಅದು ಇಲ್ಲ.

ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನನಗೂ ಒಂದು ವಿದ್ಯಾರ್ಥಿವೇತನ ಮಂಜೂರಾಗಿತ್ತು. ಚೆಕ್ಕು ಬಂದದ್ದು ನಾನು ಆ ಕಾಲೇಜು ಬಿಟ್ಟು ಎರಡು ವರ್ಷವಾದ ಮೇಲೆ. ಫೀಸಿಗೆ ಅಷ್ಟರಲ್ಲಿ ಹಸು ಮಾರಿಯಾಗಿತ್ತು. ಚೆಕ್ಕಿನ ದುಡ್ಡಿನಲ್ಲಿ ಅಪ್ಪ ಕೊಟ್ಟಿಗೆಗೆ ತಗಡು ಹೊದಿಸಿದ. ಹಸು ಇಲ್ಲದ ಕೊಟ್ಟಿಗೆಗೆ ಯಾಕೆ ತಗಡು ಅಂತ ಅವ್ವ ಬಹಳ ದಿನ ರೇಗುತ್ತಿದ್ದಳು.

ಮೆರಿಟ್ ಸ್ಕಾಲರ್‌ಶಿಪ್ ಅಂದಾಗ ಕನ್ನಡಿಗರ ತಲೆಯಲ್ಲಿ ಮೊದಲು ಬರುವ ಚಿತ್ರ ವಿಶ್ವೇಶ್ವರಯ್ಯನವರದು. ಪ್ರತಿಭಾ ಪುರಸ್ಕಾರದ ಫ್ಲೆಕ್ಸಿನ ಮೂಲೆಯಲ್ಲಿ ಅವರ ಪೇಟದ ಚಿತ್ರ ಇದ್ದೇ ಇರುತ್ತದೆ. ಬಡತನದಲ್ಲಿ ಬೆಳೆದ ಹುಡುಗ ಕಷ್ಟಪಟ್ಟು ಓದಿ ದಿವಾನನಾದ ಅನ್ನುವುದು ಭಾಷಣಕಾರರಿಗೆ ಇಷ್ಟವಾದ ಭಾಗ. ಅವರು ಬಿಟ್ಟುಬಿಡುವ ಭಾಗ ಇದು: ಚಿಕ್ಕವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಆ ಹುಡುಗ ಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿಎ ಮುಗಿಸಿದ. ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ. ಪುಣೆಗೆ ಹೋಗುವಾಗ ಆ ಬಲ ಅವರ ಬೆನ್ನಿಗಿತ್ತು. ‘ನೀನು ಮೊದಲು ಹೋಗಿ ಪಾಸಾಗು, ಆಮೇಲೆ ನೋಡೋಣ’ ಅಂದಿದ್ದರೆ ಅವರೂ ಚಾಯ್ಸ್ ನಾಲ್ಕೇ ಒತ್ತಬೇಕಾಗುತ್ತಿತ್ತು. ಇನ್ನೂ ಒಂದು ಮಾತಿದೆ. ಓದು ಮುಗಿದ ಮೇಲೆ ಅವರು ಸೇರಿದ್ದು ಬೊಂಬಾಯಿ ಸರ್ಕಾರದ ಕೆಲಸಕ್ಕೆ. ಮೈಸೂರಿಗೆ ಚೀಫ್ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಆ ವಿದ್ಯಾರ್ಥಿವೇತನದ ಫಲಕ್ಕೆ ಮೈಸೂರು ಕಾಲು ಶತಮಾನ ಕಾಯಿತು. ಇವತ್ತಿನ ಲೆಕ್ಕಪರಿಶೋಧಕರು ಒಪ್ಪುತ್ತಿದ್ದರೋ ಇಲ್ಲವೋ.

ಅದೇ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ, ಮಿಲ್ಲರ್ ಸಮಿತಿ ನೇಮಕವಾದ ವರ್ಷ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕೋ, ಮೆರಿಟ್ ಒಂದೇ ಸಾಕೋ ಅನ್ನುವ ಜಗಳ ಈ ನೆಲದಲ್ಲಿ ನೂರು ವರ್ಷಕ್ಕಿಂತ ಹಳೆಯದು. ಆ ಜಗಳದಲ್ಲಿ ನಾನು ಮಿಲ್ಲರ್ ಕಡೆಯವನು. ಆದರೆ ವಿದ್ಯಾರ್ಥಿವೇತನದ ಮಟ್ಟಿಗೆ ಇವತ್ತಿನ ವ್ಯವಸ್ಥೆ ಎರಡು ಕಡೆಯವರನ್ನೂ ಸಮಾನವಾಗಿ ಸೋಲಿಸಿದೆ. ಮೆರಿಟ್ ಬೇಕು ಅನ್ನುವವರೇ, ಆ ಹುಡುಗಿಗೆ ಮೆರಿಟ್ ಇತ್ತಲ್ಲ?

ಮೆರಿಟ್‌ಗೆಂದೇ ಇದ್ದ ಹೆಸರಾಂತ ಪರೀಕ್ಷೆಗಳೂ ಸದ್ದಿಲ್ಲದೆ ಹೋದವು. 1963ರಲ್ಲಿ ಶುರುವಾಗಿದ್ದ ಎನ್‌ಟಿಎಸ್‌ಇ 2021ರ ನಂತರ ನಿಂತಿತು. ನಮ್ಮ ಬೆಂಗಳೂರಿನ ಐಐಎಸ್‌ಸಿಯೇ ನಡೆಸುತ್ತಿದ್ದ ಕೆವಿಪಿವೈ 2022ರಲ್ಲಿ ಇನ್‌ಸ್ಪೈರ್ ಜೊತೆ ಸೇರಿಹೋಯಿತು. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಉಳಿದಿದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ಇದು ಒಳ್ಳೆಯ ಯೋಜನೆ, ನಾನು ಮೇಷ್ಟ್ರುಗಳಿಗೆ ಕಾಲಿಗೆ ಬಿದ್ದಾದರೂ ಮಕ್ಕಳ ಕೈಯಲ್ಲಿ ಬರೆಸಿ ಅನ್ನುತ್ತೇನೆ. ಆದರೆ ಅದು ನಿಲ್ಲುವುದು ಹನ್ನೆರಡನೇ ತರಗತಿಗೆ. ಫೀಸು ದೊಡ್ಡದಾಗುವ ದಿನ ಇದು ಕೈ ಬಿಡುತ್ತದೆ.

‘ಎಲ್ಲ ಮಕ್ಕಳಿಗೂ ಮುಂಗಡ ಕೊಡೋಕೆ ಆಗುತ್ತೇನ್ರಿ, ದುರುಪಯೋಗ ಆಗುತ್ತೆ’ ಅಂತ ಒಬ್ಬ ಗೆಳೆಯರು ಜಗಳಕ್ಕೆ ಬರುತ್ತಾರೆ. ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಕಣ್ಣ ಮುಂದೆಯೇ ಇದೆ. ಸಿಇಟಿಯಲ್ಲೇ ಸೂಪರ್ ನ್ಯೂಮರರಿ ಕೋಟಾ ಅಂತ ಇದೆ. ಎಂಟು ಲಕ್ಷದೊಳಗಿನ ವರಮಾನದವರಿಗೆ, ರ‍್ಯಾಂಕಿನ ಮೇಲೆ, ಬೋಧನಾ ಶುಲ್ಕ ಮಾಫಿ. ಇದರಲ್ಲಿ ಸೀಟು ಹಂಚುವ ದಿನವೇ ಗೊತ್ತಾಗುತ್ತದೆ. ಸೀಟು ಬಹಳ ಕಡಿಮೆ, ಕೋರ್ಸಿಗೆ ನೂರಕ್ಕೆ ಐದರಂತೆ. ಆದರೆ ಮೊದಲೇ ಹೇಳುವುದು ಸಾಧ್ಯ ಅಂತ ಅದು ತೋರಿಸಿದೆ.

ಇನ್ನೂ ದೊಡ್ಡ ಸಾಕ್ಷಿ ನಮ್ಮೂರ ಹೆದ್ದಾರಿಯಲ್ಲಿ ನಿಲ್ಲುವ ಕೆಂಪು ಬಸ್ಸು. 2023ರ ಜೂನ್ 11ರಿಂದ ನಮ್ಮ ಹುಡುಗಿಯರು ಆಧಾರ್ ತೋರಿಸಿ ಹತ್ತುತ್ತಾರೆ, ಶೂನ್ಯ ಟಿಕೆಟ್ಟು ತೆಗೆದುಕೊಳ್ಳುತ್ತಾರೆ. ಅಂಕ ಕೇಳಲಿಲ್ಲ, ಅರ್ಜಿ ಹಾಕಿಸಲಿಲ್ಲ, ವರ್ಷದ ಕೊನೆಗೆ ಖಾತೆಗೆ ಹಾಕುತ್ತೇವೆ ಅನ್ನಲಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲು ನಿಜ, ಅದನ್ನು ಇನ್ನೊಂದು ಸಲ ಬೈಯೋಣ. ನಾಳೆಯೂ ಬಸ್ಸಿಗೆ ದುಡ್ಡು ಬೇಡ ಅನ್ನುವುದು ಗೊತ್ತಿರುವುದರಿಂದ ದೂರದ ಕಾಲೇಜಿನ ಲೆಕ್ಕ ಹಾಕುವ ಧೈರ್ಯ ಮನೆಯವರಿಗೆ ಬಂತು. ನಮ್ಮ ಬೀದಿಯಲ್ಲಿ ನಾನು ಕಂಡದ್ದು ಇದು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು 2025ರಲ್ಲಿ ಸರ್ಕಾರದ ಜೊತೆ ಸೇರಿ ತಂದ ದೀಪಿಕಾ ವಿದ್ಯಾರ್ಥಿವೇತನದ ದಾರಿಯೂ ಹೆಚ್ಚುಕಡಿಮೆ ಇದೇ. ಹತ್ತನೇ ತರಗತಿ, ಪಿಯುಸಿ ಎರಡೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿ ಪದವಿಗೋ ಡಿಪ್ಲೊಮಾಕ್ಕೋ ಸೇರಿದರೆ ವರ್ಷಕ್ಕೆ 30,000. ಕೇಂದ್ರದ ಮೆರಿಟ್ ವೇತನದ ಎರಡೂವರೆ ಪಟ್ಟು, ಅದೂ ಇಷ್ಟೇ ಅಂಕ ಬರಬೇಕು ಅನ್ನದೆ. ಹುಡುಗರು ಏನು ಪಾಪ ಮಾಡಿದ್ದರು ಅಂತ ಕೇಳಬಹುದು, ಕೇಳಿ. ಒಂಬತ್ತನೇ ತರಗತಿಯಲ್ಲಿರುವ ಹುಡುಗಿಗೂ ಆ ಅಂಕಿ ಈಗಲೇ ಗೊತ್ತಿದೆಯಲ್ಲ, ನನಗೆ ಅದು ಮುಖ್ಯ.

ಅಂಕ ಕೇಳದೆ ಓದಿಸುವುದು ನಮ್ಮ ತಾಲ್ಲೂಕಿಗೆ ಹೊಸದೇನೂ ಅಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 1907ರಲ್ಲಿ. ತುಮಕೂರಿನ ಆ ಮಠದಲ್ಲಿ ಊಟ, ವಸತಿ, ಪಾಠ ಸಿಕ್ಕಿ ಓದಿದವರು ನಮ್ಮ ಕಡೆ ಬೀದಿಗೊಬ್ಬರಿದ್ದಾರೆ. ಸೇರಿದ ದಿನವೇ ಅವರ ಊಟ ಶುರುವಾಗಿತ್ತು. ಹಸಿವಿನ ಬಿಲ್ಲು ಕೊಡಿ, ಮಾರ್ಚಿಯಲ್ಲಿ ಮರುಪಾವತಿ ಮಾಡುತ್ತೇವೆ ಅಂತ ಯಾರೂ ಅನ್ನಲಿಲ್ಲ.

ನನ್ನ ಬೇಡಿಕೆ ಚಿಕ್ಕದು. ಮಗು ಶಾಲೆಯಲ್ಲಿದ್ದಾಗಿನ ಲೆಕ್ಕವೆಲ್ಲ ಸ್ಯಾಟ್ಸ್‌ನಲ್ಲಿದೆ. ಅಂಕ ಪರೀಕ್ಷಾ ಮಂಡಳಿಯಲ್ಲಿದೆ. ಜಾತಿ, ವರಮಾನ ನಾಡಕಚೇರಿಯ ಆರ್‌ಡಿ ನಂಬರಿನಲ್ಲಿದೆ. ಅಪ್ಪನ ಜಮೀನು ಫ್ರೂಟ್ಸ್‌ನಲ್ಲಿದೆ. ಇವೆಲ್ಲ ಒಂದೇ ಸರ್ಕಾರದ ಕಂಪ್ಯೂಟರುಗಳು. ಹಾಗಿದ್ದ ಮೇಲೆ ಮಗು ಯಾಕೆ ವಿದ್ಯಾರ್ಥಿವೇತನವನ್ನು ಹುಡುಕಿಕೊಂಡು ಹೋಗಬೇಕು? ಪಿಯುಸಿ ಅಂಕಪಟ್ಟಿಯ ಜೊತೆಗೇ ಒಂದು ಕಾಗದ ಕೊಡಿ. ‘ನೀನು ಸರ್ಕಾರಿ ಪದವಿ ಕಾಲೇಜಿಗೆ ಸೇರಿದರೆ ನಿನಗೆ ಇಷ್ಟು, ಎಂಜಿನಿಯರಿಂಗಿಗೆ ಸೇರಿದರೆ ಇಷ್ಟು, ನರ್ಸಿಂಗಿಗೆ ಸೇರಿದರೆ ಇಷ್ಟು, ಸೇರಿದ ತಿಂಗಳೇ ಕಾಲೇಜಿಗೆ ಕಟ್ಟುತ್ತೇವೆ’ ಅಂತ. ಮೊತ್ತ ಕಡಿಮೆಯಿದ್ದರೆ ಕಡಿಮೆ ಅಂತಲೇ ಬರೆಯಿರಿ. ಶೂನ್ಯವಾದರೆ ಶೂನ್ಯ ಅಂತ ಬರೆಯಿರಿ. ಅದನ್ನು ಹಿಡಿದುಕೊಂಡು ಅಪ್ಪ ಸಾಲ ಹುಟ್ಟಿಸುತ್ತಾನೋ, ಮಾವಿನ ತೋಟ ಗುತ್ತಿಗೆಗೆ ಕೊಡುತ್ತಾನೋ, ನಾಲ್ಕು ಒತ್ತುತ್ತಾನೋ, ಅದು ಅವನ ಲೆಕ್ಕ. ಈಗ ಅವನ ಹತ್ತಿರ ಲೆಕ್ಕ ಹಾಕುವುದಕ್ಕೆ ಅಂಕಿಯೇ ಇಲ್ಲ.

ದಾನಿಗಳಿಗೂ ಇದೇ ಮಾತು. ನಿಮ್ಮ ದುಡ್ಡು ಚಿಕ್ಕದಾಗಿರಲಿ, ಆದರೆ ಮೇ ತಿಂಗಳಲ್ಲಿ ಹೇಳಿ. ಜಾತಿ ಸಂಘದವರು ಮುಂದಿನ ಸಲ ಶಾಲು, ಫಲಕ, ಪೆಂಡಾಲಿನ ಖರ್ಚನ್ನು ಒಟ್ಟುಮಾಡಿ ಸೀಟು ಸಿಕ್ಕ ನಾಲ್ಕು ಮಕ್ಕಳಿಗೆ ಚಲನ್ ಕಟ್ಟಲು ಬಡ್ಡಿಯಿಲ್ಲದ ಕೈಸಾಲ ಕೊಡಲಿ. ಸ್ಕಾಲರ್‌ಶಿಪ್ ಬಂದಾಗ ವಾಪಸ್ ತೆಗೆದುಕೊಳ್ಳಲಿ. ಭಾಷಣ ಇದ್ದುಕೊಳ್ಳಲಿ, ಊಟವಂತೂ ಇರಲೇಬೇಕು.

ಆ ಹುಡುಗಿಗೆ ಈಗ ಬಿಎಸ್ಸಿ ಮುಗಿದಿದೆ, ಬಿಎಡ್‌ಗೆ ಸೇರಬೇಕು ಅಂತಿದ್ದಾಳೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಪುರಸ್ಕಾರದ ಶಾಲನ್ನು ಟಿವಿ ಮೇಲೆ ದೂಳು ಕೂರದ ಹಾಗೆ ಹೊದಿಸಿದ್ದಾರೆ. ಅವಳ ತಮ್ಮ ಈ ಸಲ ಸೆಕೆಂಡ್ ಪಿಯುಸಿ. ಭಾನುವಾರ ಫೈಲು ತೆಗೆದುಕೊಂಡು ಬರಲು ಹೇಳಿದ್ದೇನೆ. ಅವನ ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮುಂದಿದೆ, ಅಂಕಪಟ್ಟಿಯಲ್ಲಿ ಹಿಂದಿದೆ. ಮೊದಲು ಅದನ್ನು ಸರಿಮಾಡಿಸಬೇಕು.