ಸಂಭಾವ್ಯತೆಯ ಋಣ: ಪ್ರಳಯ ಚಿತ್ರಗಳಲ್ಲಿ ವಿಜ್ಞಾನ ಮತ್ತು ರಸಾನುಭವ

ವಿಜ್ಞಾನ ಕಥನವನ್ನು ಆಧರಿಸಿದ ಪ್ರಳಯ ಚಿತ್ರಗಳ ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ನಿಲುವುಗಳಲ್ಲಿ ನಿಂತುಬಿಡುತ್ತದೆ. ಸಿನಿಮಾ ಕಲ್ಪನೆಯ ಸೃಷ್ಟಿ, ಅದರಲ್ಲಿ ಭೌತಶಾಸ್ತ್ರದ ತಪ್ಪು ಹುಡುಕುವುದು ಅರಸಿಕತೆ ಎಂಬುದು ಒಂದು ನಿಲುವು. ವಿಜ್ಞಾನದ ಹೆಸರು ಹೇಳಿದ ಮೇಲೆ ವಿಜ್ಞಾನಕ್ಕೆ ಬದ್ಧವಾಗಿರಬೇಕು, ಇಲ್ಲವಾದರೆ ಅದು ಮಾಟಮಂತ್ರದ ಕಥೆಯೇ ಸರಿ ಎಂಬುದು ಇನ್ನೊಂದು. ಮೊದಲನೆಯದು ಪ್ರೇಕ್ಷಕನ ಸಂತೋಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಎರಡನೆಯದು ಚಿತ್ರವನ್ನು ಪಠ್ಯಪುಸ್ತಕವೆಂದು ಭಾವಿಸುತ್ತದೆ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ, ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸಿದಾಗ ಈ ಎರಡೂ ನಿಲುವುಗಳು ಅಪೂರ್ಣವೆಂದು ತೋರುತ್ತದೆ.

೧

ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೊದಲನೆಯದು ಸಂಭಾವನಾವಿರಹ. ಅಂದರೆ, ನಡೆಯುತ್ತಿರುವುದು ಸಾಧ್ಯವೆಂದು ಸಹೃದಯನಿಗೆ ತೋರದಿರುವುದು. ಸಾಧ್ಯವೆಂದು ತೋರದ ಕಡೆ ಮನಸ್ಸು ನಿಲ್ಲುವುದಿಲ್ಲ. ಮನಸ್ಸು ನಿಲ್ಲದ ಕಡೆ ರಸವಿಲ್ಲ. ಲೋಕಸಾಮಾನ್ಯವಾದ ವಸ್ತುವಿದ್ದಾಗ ಹೃದಯಸಂವಾದವೇ ಈ ವಿಘ್ನವನ್ನು ನಿವಾರಿಸುತ್ತದೆ. ಸಮುದ್ರವನ್ನು ದಾಟುವಂಥ ಅಲೌಕಿಕ ಕಾರ್ಯ ಬಂದಾಗ ಮಾತ್ರ ರಾಮನಂಥ ಪ್ರಸಿದ್ಧ ನಾಯಕರು ಬೇಕು. ತಲೆಮಾರುಗಳಿಂದ ಬೇರೂರಿದ ಅವರ ಕೀರ್ತಿಯೇ ಪ್ರೇಕ್ಷಕನ ನಂಬಿಕೆಗೆ ಆಧಾರ.

ಇಲ್ಲಿ ಗಮನಿಸಬೇಕಾದುದು, ಅಭಿನವಗುಪ್ತನು ಸತ್ಯವನ್ನು ಕೇಳುತ್ತಿಲ್ಲ, ಸಂಭಾವ್ಯತೆಯನ್ನು ಕೇಳುತ್ತಿದ್ದಾನೆ ಎಂಬುದು. ಪೌರಾಣಿಕ ಚಿತ್ರದಲ್ಲಿ ಹನುಮಂತ ಹಾರಿದಾಗ ಯಾರೂ ಗುರುತ್ವಾಕರ್ಷಣೆಯ ಲೆಕ್ಕ ಕೇಳುವುದಿಲ್ಲ. ಪ್ರಳಯ ಚಿತ್ರಕ್ಕೆ ಆ ಬಲವಿಲ್ಲ. ಅದರ ನಾಯಕ ಅಜ್ಞಾತ. ಅದರ ಘಟನೆಗಳು ಹಿಂದೆಂದೂ ಕೇಳದವು. ಆದ್ದರಿಂದ ಅದು ಪ್ರಸಿದ್ಧಿಯ ಸ್ಥಾನದಲ್ಲಿ ವಿಜ್ಞಾನದ ಪ್ರಾಮಾಣ್ಯವನ್ನು ತಂದಿರಿಸುತ್ತದೆ. ಬಿಳಿ ಅಂಗಿಯ ವಿಜ್ಞಾನಿ, ಗಣಕಯಂತ್ರದ ಪರದೆ, ಕಪ್ಪುಹಲಗೆಯ ಸಮೀಕರಣ ಇವೆಲ್ಲ ರಾಮನ ಕೀರ್ತಿ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತವೆ. ಇದು ವಿಜ್ಞಾನದಿಂದ ಪಡೆದ ಸಾಲ. ಸಾಲ ಪಡೆದವನಿಗೆ ಋಣವೂ ಉಂಟು.

೨

ಈ ಋಣದ ಪ್ರಶ್ನೆ ಕರ್ನಾಟಕಕ್ಕೆ ಎಷ್ಟು ಹತ್ತಿರದ್ದು ಎಂಬುದನ್ನು ರೋಲಂಡ್ ಎಮೆರಿಕ್ ನಿರ್ದೇಶನದ ‘೨೦೧೨’ (೨೦೦೯) ಚಿತ್ರ ತೋರಿಸುತ್ತದೆ. ಚಿತ್ರ ಆರಂಭವಾಗುವುದೇ ಭಾರತದ ಆಳವಾದ ತಾಮ್ರದ ಗಣಿಯೊಂದರಲ್ಲಿ. ಸೂರ್ಯನಿಂದ ಬರುವ ನ್ಯೂಟ್ರಿನೊ ಕಣಗಳ ಗುಣ ಬದಲಾಗಿದೆ, ಅವು ಭೂಗರ್ಭವನ್ನು ಕಾಯಿಸುತ್ತಿವೆ ಎಂಬುದನ್ನು ಭಾರತೀಯ ವಿಜ್ಞಾನಿಯೊಬ್ಬ ಅಲ್ಲಿ ಪತ್ತೆಹಚ್ಚುತ್ತಾನೆ. ಮುಂದಿನ ಭೂಕಂಪ, ಜ್ವಾಲಾಮುಖಿ, ಜಲಪ್ರಳಯಗಳೆಲ್ಲ ಈ ಒಂದು ಕಾರಣದಿಂದ ಹುಟ್ಟುತ್ತವೆ.

ಈ ದೃಶ್ಯದ ಹಿಂದೆ ಒಂದು ನಿಜವಾದ ಗಣಿಯ ನೆರಳಿದೆ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡರ್ಹಮ್ ಮತ್ತು ಒಸಾಕಾದ ಸಹೋದ್ಯೋಗಿಗಳೊಡನೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಪತ್ತೆಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇಂಥದೇ ಪ್ರಯೋಗ ಫಲಿಸಿತು. ಅಷ್ಟು ಆಳಕ್ಕೆ ಇಳಿಯಬೇಕಾದ ಕಾರಣ ಸರಳ. ಮೇಲಿನ ಬಂಡೆ ವಿಶ್ವಕಿರಣದ ಇತರ ಕಣಗಳನ್ನು ತಡೆಯುತ್ತದೆ. ನ್ಯೂಟ್ರಿನೊವನ್ನು ಮಾತ್ರ ತಡೆಯಲಾರದು. ಸೂರ್ಯನಿಂದ ಬರುವ ಸುಮಾರು ೬,೫೦೦ ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ಒಂದು ಚದರ ಸೆಂಟಿಮೀಟರ್ ಜಾಗವನ್ನು ಹಾದುಹೋಗುತ್ತವೆ. ಯಾವುದನ್ನೂ ಮುಟ್ಟದೆ ಹೋಗುವುದೇ ಅವುಗಳ ಸ್ವಭಾವ. ಕೋಲಾರದಲ್ಲಿ ದೀರ್ಘಕಾಲ ಕಾದರೂ ದೊರೆತದ್ದು ಬೆರಳೆಣಿಕೆಯ ಕುರುಹುಗಳು. ಚಿತ್ರವು ಕೋಲಾರದ ಆಳವನ್ನು ತೆಗೆದುಕೊಂಡಿತು, ಗಾಂಭೀರ್ಯವನ್ನು ತೆಗೆದುಕೊಂಡಿತು, ಕಣದ ಸ್ವಭಾವವನ್ನು ಮಾತ್ರ ತಲೆಕೆಳಗು ಮಾಡಿತು.

ಆದರೂ ಚಿತ್ರ ರಂಜಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಅದರ ಅತ್ಯಂತ ಕರುಣಾಮಯ ಗಳಿಗೆ ಆ ಭಾರತೀಯ ವಿಜ್ಞಾನಿಯದೇ. ಕರೆದೊಯ್ಯುವೆವೆಂದು ಮಾತು ಕೊಟ್ಟ ವಿಮಾನ ಬರುವುದಿಲ್ಲ. ಜಗತ್ತಿಗೆ ಎಚ್ಚರಿಕೆ ಕೊಟ್ಟವನು ಹೆಂಡತಿ ಮಗನೊಡನೆ ಅಲೆಯ ಎದುರು ನಿಲ್ಲುತ್ತಾನೆ. ಈ ಕರುಣಕ್ಕೆ ನ್ಯೂಟ್ರಿನೊದ ಅಗತ್ಯವಿಲ್ಲ. ಮಾತು ತಪ್ಪಿದ ನೋವು ಲೋಕಸಾಮಾನ್ಯ. ಅಲ್ಲಿ ಹೃದಯಸಂವಾದ ತಾನಾಗಿಯೇ ಆಗುತ್ತದೆ.

೩

ಹಾಗಾದರೆ ವೈಜ್ಞಾನಿಕ ವಾಸ್ತವತೆ ಅನಗತ್ಯವೇ? ಉತ್ತರ ಪ್ರೇಕ್ಷಕನ ಅರಿವನ್ನೂ ಅವಲಂಬಿಸಿದೆ. ವಿಜ್ಞಾನ ಕಥನವಲ್ಲದಿದ್ದರೂ ಇದಕ್ಕೆ ಒಳ್ಳೆಯ ನಿದರ್ಶನ ‘ದಿ ಬರ್ನಿಂಗ್ ಟ್ರೈನ್’ (೧೯೮೦) ಎಂಬ ಹಿಂದಿ ಚಿತ್ರ. ಖಳನು ಎಂಜಿನ್ನಿನ ವ್ಯಾಕ್ಯೂಮ್ ಬ್ರೇಕನ್ನು ಕೆಡಿಸುತ್ತಾನೆ. ಗಾಡಿ ನಿಲ್ಲದೆ ಓಡುತ್ತದೆ. ವಾಸ್ತವದಲ್ಲಿ ಈ ಬ್ರೇಕಿನ ರಚನೆ ಇದಕ್ಕೆ ವಿರುದ್ಧವಾದುದು. ಗಾಡಿಯ ಉದ್ದಕ್ಕೂ ಇರುವ ಕೊಳವೆಯಲ್ಲಿ ನಿರ್ವಾತ ಇರುವವರೆಗೆ ಮಾತ್ರ ಚಕ್ರಗಳು ಬಿಡುಗಡೆಯಾಗಿರುತ್ತವೆ. ಎಲ್ಲಿಯಾದರೂ ಗಾಳಿ ಒಳನುಗ್ಗಿದರೆ ಬ್ರೇಕು ತಾನಾಗಿ ಬಿಗಿಯುತ್ತದೆ. ಪ್ರಯಾಣಿಕ ಸರಪಳಿ ಎಳೆದಾಗ ಗಾಡಿ ನಿಲ್ಲುವುದೂ ಇದೇ ತತ್ತ್ವದಿಂದ. ಹುಬ್ಬಳ್ಳಿಯ ಕೇಶ್ವಾಪುರದಂಥ, ರೈಲ್ವೆ ಕುಟುಂಬಗಳು ನೆಲೆಸಿರುವ ಬಡಾವಣೆಯ ಪ್ರೇಕ್ಷಕನಿಗೆ ಇದು ಮನೆಮಾತು. ಅವನಿಗೆ ಆ ದೃಶ್ಯದಲ್ಲಿ ಸಂಭಾವನಾವಿರಹ ಉಂಟಾಗುವುದು ಸಹಜ. ಅದೇ ಪ್ರೇಕ್ಷಕ ನ್ಯೂಟ್ರಿನೊವನ್ನು ನಿರಾತಂಕವಾಗಿ ಒಪ್ಪಬಹುದು. ಭೌತಶಾಸ್ತ್ರದ ಅಧ್ಯಾಪಕನ ಸ್ಥಿತಿ ತದ್ವಿರುದ್ಧವಾಗಿರಬಹುದು. ಆದ್ದರಿಂದ ತಪ್ಪು ಕಂಡು ನಕ್ಕವನು ಅರಸಿಕನಲ್ಲ. ಅವನ ಬದುಕಿನ ಅರಿವಿಗೆ ಚಿತ್ರ ಸಲ್ಲಿಸಬೇಕಾದ ಗೌರವವನ್ನು ಸಲ್ಲಿಸಿಲ್ಲ, ಅಷ್ಟೆ.

ಕನ್ನಡ ಸಾಹಿತ್ಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಈ ಗೌರವದ ಮಾದರಿಯಾಗಿದೆ. ಯುಗಾಂತರಗಳ ಹಿಂದಿನ ಹಾರುವ ಓತಿ ಮಲೆನಾಡಿನ ಕಾಡಿನಲ್ಲಿದೆ ಎಂಬ ಕಲ್ಪನೆಯನ್ನು ಓದುಗ ನಂಬುತ್ತಾನೆ. ಕಾರಣ, ಜೇನು ಹಿಡಿಯುವ ಮಂದಣ್ಣನ ನೋಟದಿಂದ ಹಿಡಿದು ವಿಜ್ಞಾನಿಯ ತಾಳ್ಮೆಯವರೆಗೆ, ಹುಡುಕಾಟದ ಕ್ರಮ ಅಲ್ಲಿ ಪ್ರಾಮಾಣಿಕವಾಗಿದೆ. ಅಲ್ಲಿ ವಿಜ್ಞಾನ ಮಾಹಿತಿಯಾಗಿ ಉಳಿಯದೆ ಮನೋಧರ್ಮವಾಗಿದೆ.

೪

ಹೀಗೆ ನೋಡಿದಾಗ ಎರಡು ಬಗೆಯ ಅವಾಸ್ತವಗಳನ್ನು ಬೇರ್ಪಡಿಸಬೇಕಾಗುತ್ತದೆ. ಮೊದಲನೆಯದು ಪ್ರಮಾಣದ ಅತಿಶಯ. ದಂಡಿಯನ್ನು ಅನುಸರಿಸಿದ ‘ಕವಿರಾಜಮಾರ್ಗ’ ಅತಿಶಯವನ್ನು ಅಲಂಕಾರಗಳಲ್ಲಿ ಎಣಿಸುತ್ತದೆ. ಇರುವುದನ್ನು ಲೋಕಸೀಮೆ ಮೀರಿಸಿ ಹೇಳುವುದು ಅದರ ಲಕ್ಷಣ. ಎಮೆರಿಕ್‌ನದೇ ‘ದಿ ಡೇ ಆಫ್ಟರ್ ಟುಮಾರೊ’ (೨೦೦೪) ಚಿತ್ರದಲ್ಲಿ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ನಿಂತು ಕೆಲವೇ ದಿನಗಳಲ್ಲಿ ಹಿಮಯುಗ ಬರುತ್ತದೆ. ದಿನಗಳ ಲೆಕ್ಕ ಅಸಾಧ್ಯ. ಆದರೆ ಭೂಮಿಯ ತಾಪ ಏರಿದಂತೆ ಆ ಪ್ರವಾಹ ದುರ್ಬಲಗೊಳ್ಳುತ್ತದೆ ಎಂಬುದು ಹವಾಮಾನ ವಿಜ್ಞಾನದ ಗಂಭೀರ ವಿಚಾರ. ಕಾರಣ ಉಳಿದಿದೆ, ಕಾಲ ಕುಗ್ಗಿದೆ. ಎರಡನೆಯದು ಕಾರಣದ ಅಸತ್ಯ. ‘೨೦೧೨’ರ ನ್ಯೂಟ್ರಿನೊ ಈ ವರ್ಗಕ್ಕೆ ಸೇರುತ್ತದೆ. ಮೊದಲನೆಯದು ಅಲಂಕಾರ, ಎರಡನೆಯದು ಸಾಲದ ದುರುಪಯೋಗ.

ಈ ಭೇದ ಕೇವಲ ಶಾಸ್ತ್ರಚರ್ಚೆಯಲ್ಲ. ‘೨೦೧೨’ ಚಿತ್ರಮಂದಿರಗಳಿಗೆ ಬಂದದ್ದು ೨೦೦೯ರ ನವೆಂಬರಿನಲ್ಲಿ. ಅದಕ್ಕೆ ಸುಮಾರು ಆರು ವಾರ ಮೊದಲು ಉತ್ತರ ಕರ್ನಾಟಕ ಭೀಕರ ನೆರೆಗೆ ತುತ್ತಾಗಿ, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ವರ್ಷದ ಬಹುಕಾಲ ಬಡಕಲಾಗಿರುವ ಬೆಣ್ಣೆಹಳ್ಳ ಉಕ್ಕಿದರೆ ಏನಾಗುತ್ತದೆಂಬುದನ್ನು ನವಲಗುಂದ, ರೋಣದ ಕಡೆಯವರಿಗೆ ಯಾವ ಚಿತ್ರವೂ ಕಲಿಸಬೇಕಾಗಿಲ್ಲ. ಆ ನೆರೆಯ ಹಿಂದೆ ಅತಿವೃಷ್ಟಿಯಿತ್ತು. ಹಳ್ಳದ ಪಾತ್ರ, ದಂಡೆಯ ಊರು, ಮಣ್ಣಿನ ಗೋಡೆಯ ಮನೆ ಇವುಗಳ ಪ್ರಶ್ನೆಯೂ ಇತ್ತು. ಸಂತ್ರಸ್ತರಿಗೆ ‘ಆಸರೆ’ ಯೋಜನೆಯಲ್ಲಿ ಬೇರೆಡೆ ಮನೆ ಕಟ್ಟಿಸಬೇಕಾಯಿತು. ಅಂದರೆ ನಿಜವಾದ ಪ್ರಳಯಕ್ಕೆ ಹುಡುಕಬಹುದಾದ ಕಾರಣಗಳಿವೆ, ಹೊರಬೇಕಾದ ಹೊಣೆಗಳಿವೆ. ಕಾರಣವನ್ನು ಸುಳ್ಳಾಗಿಸಿದ ಚಿತ್ರದಲ್ಲಿ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ. ಅಲ್ಲಿ ಅದ್ಭುತ ಉಳಿಯುತ್ತದೆ, ಭಯಾನಕ ಬೇರೂರುವುದಿಲ್ಲ.

ಸುಳ್ಳಾದ ಕಾರಣಕ್ಕೆ ಚಿತ್ರಮಂದಿರದ ಹೊರಗೂ ಬಾಳಿಕೆ ಉಂಟು. ೨೦೧೨ರ ಡಿಸೆಂಬರ್ ೨೧ರ ವದಂತಿಗೆ ಅಮೆರಿಕದ ನಾಸಾ ಸಂಸ್ಥೆಯೇ ಸಾರ್ವಜನಿಕ ಸ್ಪಷ್ಟೀಕರಣ ನೀಡಬೇಕಾಯಿತು. ತಮಿಳುನಾಡಿನ ತೇನಿ ಜಿಲ್ಲೆಯ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆಗೆ ಕೇಂದ್ರ ಸಂಪುಟ ೨೦೧೫ರಲ್ಲಿ ಒಪ್ಪಿಗೆ ನೀಡಿದಾಗ ಎದ್ದ ವಿರೋಧಕ್ಕೆ ಪಶ್ಚಿಮಘಟ್ಟದ ಪರಿಸರದ ಕಾಳಜಿಯಂಥ ಗಂಭೀರ ಆಧಾರಗಳಿದ್ದವು. ಅವುಗಳ ಜೊತೆಗೆ ಕಣವೇ ಅಪಾಯಕಾರಿ ಎಂಬ ಭಯವೂ ಬೆರೆತಿತ್ತು. ಅದಕ್ಕೆ ಒಂದು ಚಿತ್ರವನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಕೋಲಾರದ ನೆಲದಲ್ಲಿ ಅರ್ಧ ಶತಮಾನ ಮೊದಲೇ ಗುರುತಿಸಲಾದ ನಿರುಪದ್ರವಿ ಕಣದ ಕಥೆಯನ್ನು ಯಾರೂ ಅಷ್ಟೇ ಆಕರ್ಷಕವಾಗಿ ಹೇಳಿರಲಿಲ್ಲ ಎಂಬುದು ವಿಚಾರಾರ್ಹ.

ಆದ್ದರಿಂದ ಪ್ರಳಯ ಚಿತ್ರದ ಆಸ್ವಾದಕ್ಕೆ ವಿಜ್ಞಾನದ ಪ್ರತಿ ಅಂಕಿಯೂ ಸರಿಯಿರಬೇಕಾಗಿಲ್ಲ. ಅಲೆ ಎಷ್ಟಾದರೂ ಎತ್ತರಕ್ಕೆ ಏಳಲಿ, ಹಿಮ ಎಷ್ಟಾದರೂ ಬೇಗ ಬೀಳಲಿ. ಅದು ಕವಿಯ ಸ್ವಾತಂತ್ರ್ಯ. ಆದರೆ ಅಲೆ ಏಕೆ ಎದ್ದಿತು ಎಂಬಲ್ಲಿ ಚಿತ್ರ ಪ್ರಾಮಾಣಿಕವಾಗಿರಬೇಕು. ನೆರೆಯನ್ನು ಕಂಡ ನಾಡಿನ ಸಹೃದಯ ಕೇಳಬಹುದಾದ ಕನಿಷ್ಠ ಬೇಡಿಕೆ ಇದು.