ಗಡಿ ದಾಟುವ ಕೋವಿ: ಲೈಸೆನ್ಸ್ ಒಂದೇ ಸಾಲದು

ಮಾನಂದವಾಡಿ: ವಯನಾಡಿನಿಂದ ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳಿಗೆ ಹೋಗಿ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುವವರು ಅನೇಕರಿದ್ದಾರೆ. ಕಾಡುಹಂದಿ ಕಾಟ ಗಡಿಯ ಎರಡೂ ಕಡೆ ಒಂದೇ. ಮನೆಯಲ್ಲಿ ಲೈಸೆನ್ಸ್ ಇರುವ ಕೋವಿಯನ್ನು ಜೀಪಿನಲ್ಲಿಟ್ಟು ಕುಟ್ಟಕ್ಕೋ ಗುಂಡ್ಲುಪೇಟೆಗೋ ಒಯ್ದರೆ ತಪ್ಪೇನು ಎಂದು ಕೆಲವರಿಗೆ ಅನಿಸುವುದು ಸಹಜ. ಆದರೆ ಕಾನೂನು ಅಷ್ಟು ಸರಳವಾಗಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ ನಿಜ. ಆದರೆ ಲೈಸೆನ್ಸ್ ಎಲ್ಲಿಯವರೆಗೆ ಊರ್ಜಿತ ಎಂಬುದು ಆ ಪುಸ್ತಕದಲ್ಲೇ ನಮೂದಾಗಿರುತ್ತದೆ. ಕೇರಳಕ್ಕೆ ಸೀಮಿತವಾದ ಲೈಸೆನ್ಸ್ ಬಾವಲಿ ಹೊಳೆಯ ಆಚೆ ನಡೆಯುವುದಿಲ್ಲ. ವ್ಯಾಪ್ತಿ ವಿಸ್ತರಿಸಿಕೊಳ್ಳದೆ ಒಯ್ದರೆ ಪ್ರಕರಣ ಎದುರಿಸಬೇಕಾದೀತು, ಲೈಸೆನ್ಸೂ ಹೋದೀತು. ಲೈಸೆನ್ಸೇ ಇಲ್ಲದ ಕೋವಿಗಾದರೆ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಜೈಲು.

ಮರೆಮಾಡಿ ಒಯ್ಯಲು ಅಮೆರಿಕದಲ್ಲಿರುವಂತೆ ಪ್ರತ್ಯೇಕ ಪರವಾನಗಿ ನಮ್ಮಲ್ಲಿಲ್ಲ. ಬದಲಿಗೆ, ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಚೀಲದಲ್ಲಿ ಪೂರ್ತಿ ಮುಚ್ಚಿಯೇ ಒಯ್ಯಬೇಕೆಂದು 2016ರ ನಿಯಮಗಳು ಹೇಳುತ್ತವೆ.

ಕೊಡಗಿನ ಲೆಕ್ಕ ಬೇರೆ

ಗೊಂದಲ ಹುಟ್ಟುವುದು ಕುಟ್ಟದಲ್ಲಿ. ಅಲ್ಲಿನ ಪಕ್ಕದ ತೋಟದವರು ಲೈಸೆನ್ಸ್ ಇಲ್ಲದೆಯೇ ಕೋವಿ ಇಟ್ಟುಕೊಂಡಿರಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಈ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು; ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೊಡಗಿನ ಹೊರಗೆ ಪ್ರಯಾಣಿಸುವಾಗ ಒಂದು ರೈಫಲ್, 100 ಗುಂಡು, ಒಂದು ಕೋವಿ, 500 ತೋಟಾ ಎಂಬ ಮಿತಿಯನ್ನೂ ಈ ವಿನಾಯಿತಿಗೆ ಹಾಕಲಾಗಿದೆ.

ಈ ವಿನಾಯಿತಿ ಸಿಕ್ಕಿರುವುದು ಜನರಿಗೆ, ನೆಲಕ್ಕಲ್ಲ. ವಯನಾಡಿನವರು ಕೊಡಗಿನಲ್ಲಿ ಗುತ್ತಿಗೆ ಮಾಡಿದ ಮಾತ್ರಕ್ಕೆ ಅದು ಅವರಿಗೆ ಬರುವುದಿಲ್ಲ. ಪಕ್ಕದ ತೋಟದವರ ಕೋವಿಯನ್ನು ಒಂದು ರಾತ್ರಿಯ ಕಾವಲಿಗೆಂದು ಎರವಲು ತರುವುದೂ ಅಪಾಯಕ್ಕೆ ದಾರಿ.

ಹಂದಿ ಹೊಡೆಯುವ ಆದೇಶಕ್ಕೂ ಇದೇ ಮಾತು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಪುಲ್ಪಳ್ಳಿಯಲ್ಲಿ ಸಿಕ್ಕ ಆದೇಶಕ್ಕೆ ಕಬಿನಿಯ ಆಚೆ ದಡದ ಬೈರಕುಪ್ಪೆಯಲ್ಲಿ ಬೆಲೆ ಇಲ್ಲ.

ದಾರಿಯಲ್ಲೇ ಕಾಡು

ಎಲ್ಲರೂ ಮರೆಯುವುದು ಮೂರನೆಯ ಸಂಗತಿಯನ್ನು. ಮುತ್ತಂಗ, ತೋಲ್ಪೆಟ್ಟಿಗಳು ವಯನಾಡು ಅಭಯಾರಣ್ಯಕ್ಕೆ ಸೇರಿವೆ. ಆಚೆಗೆ ಬಂಡೀಪುರ, ನಾಗರಹೊಳೆ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಪ್ರವೇಶ ನಿರ್ಬಂಧದಿಂದ ರಿಯಾಯಿತಿ ಕೊಟ್ಟಿದೆ. ಆದರೆ ಆಯುಧದ ಬಗೆಗಿನ 31ನೇ ಸೆಕ್ಷನ್‌ನಲ್ಲಿ ಆ ರಿಯಾಯಿತಿಯ ಮಾತಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಎರಡು ರಾಜ್ಯದ ಕಾಡು ದಾಟುವುದಾದರೆ ಎರಡೂ ಕಡೆಯ ಅನುಮತಿ ಬೇಕಾಗುತ್ತದೆ. ಕೊಡಗಿನವರ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದು. ಕಾಡಿನ ಕಾನೂನಿನಿಂದ ಅವರಿಗೂ ವಿನಾಯಿತಿ ಇಲ್ಲ.

ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ಹೆಸರು ನೋಂದಾಯಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಗಡಿಯ ಬಹುತೇಕ ಹಳ್ಳಿಗಳು ಈ ವ್ಯಾಪ್ತಿಯಲ್ಲೇ ಬರುತ್ತವೆ.

ಬೆಳೆ ಕಾಯಲು ಹೋದ ರೈತ ಚೆಕ್‌ಪೋಸ್ಟ್‌ನಲ್ಲಿ ಬೇಟೆಗಾರನೆಂಬ ಸಂಶಯಕ್ಕೆ ಗುರಿಯಾದರೆ ಶುಂಠಿಯ ಲಾಭವೆಲ್ಲ ಕೋರ್ಟಿನ ಓಡಾಟಕ್ಕೇ ಸರಿಹೋದೀತು. ಹೊರಡುವ ಮುನ್ನ ಲೈಸೆನ್ಸ್ ಪುಸ್ತಕವನ್ನೊಮ್ಮೆ ತೆರೆದು ಓದಿ, ಎರಡೂ ಕಡೆಯ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಲೇಸು. ಅನುಮತಿ ಕೈಗೆ ಬರುವವರೆಗೆ ಕೋವಿ ಮನೆಯಲ್ಲೇ ಇರಲಿ.