ಸ್ಟೀರಿಂಗ್ ಮಾಡಿಫೈ ಮಾಡಿಸುವ ಮುನ್ನ: ವೆಲ್ಡಿಂಗ್ ನಿಜಕ್ಕೂ ಮೂಲ ಕಬ್ಬಿಣಕ್ಕಿಂತ ಗಟ್ಟಿಯೇ?

ಹಳೆಯ ಜೀಪಿಗೆ ಪವರ್ ಸ್ಟೀರಿಂಗ್ ಕೂರಿಸುವುದು, ಸಸ್ಪೆನ್ಷನ್ ಎತ್ತರಿಸುವುದು, ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್ ವೀಲ್ ಹಾಕಿಸುವುದು. ಮಲೆನಾಡು, ಕೊಡಗಿನ ಎಸ್ಟೇಟುಗಳಿಂದ ಬೆಂಗಳೂರಿನ ಗ್ಯಾರೇಜುಗಳವರೆಗೆ ಇವೆಲ್ಲ ಮಾಮೂಲಿ ಕೆಲಸಗಳು. ಹೊಸ ಸ್ಟೀರಿಂಗ್ ಬಾಕ್ಸಿಗೆ ಹಳೆಯ ಶಾಫ್ಟ್ ಕೂರದಿದ್ದಾಗ ಕೇಳಿಬರುವ ಮಾತೂ ಮಾಮೂಲಿಯೇ: "ಕಟ್ ಮಾಡಿ ವೆಲ್ಡ್ ಹೊಡೆದರೆ ಆಯ್ತು, ವೆಲ್ಡಿಂಗ್ ಮೂಲ ಕಬ್ಬಿಣಕ್ಕಿಂತ ಗಟ್ಟಿ."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪಾಯ ಇರುವುದು ಉಳಿದ ಅರ್ಧದಲ್ಲಿ.

ಸ್ಟೀರಿಂಗ್‌ಗೆ 'ಬದಲಿ ವ್ಯವಸ್ಥೆ' ಇಲ್ಲ

ಬ್ರೇಕಿನ ಒಂದು ಕೊಳವೆ ಸೋರಿದರೆ ಇಂದಿನ ಕಾರುಗಳಲ್ಲಿ ಇನ್ನೊಂದು ಕೊಳವೆ ಕೆಲಸ ಮಾಡುತ್ತದೆ. ಅದೂ ಕೈಕೊಟ್ಟರೆ ಹ್ಯಾಂಡ್ ಬ್ರೇಕ್ ಇದೆ. ಸ್ಟೀರಿಂಗ್ ಹಾಗಲ್ಲ. ಸ್ಟೀರಿಂಗ್ ವೀಲ್, ಶಾಫ್ಟ್, ಕೀಲುಗಳು, ಸ್ಟೀರಿಂಗ್ ಬಾಕ್ಸ್, ಟೈ ರಾಡ್, ಕೊನೆಗೆ ಗಾಲಿ. ಇವೆಲ್ಲ ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ನಿಂತಿವೆ. ಪವರ್ ಸ್ಟೀರಿಂಗ್‌ನ ಪಂಪ್ ಕೆಟ್ಟರೆ ವೀಲ್ ಭಾರವಾಗುತ್ತದೆ, ಆದರೆ ಗಾಡಿ ತಿರುಗುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಮಾತ್ರ ಗಾಡಿಯ ದಿಕ್ಕು ನಮ್ಮ ಕೈಯಲ್ಲಿರುವುದಿಲ್ಲ.

ಗಟ್ಟಿ ಎಂದರೇನು?

ಚೆನ್ನಾಗಿ ಮಾಡಿದ ವೆಲ್ಡ್‌ನಲ್ಲಿ ತುಂಬಿದ ಲೋಹ ಮೂಲ ಲೋಹಕ್ಕಿಂತ ಗಟ್ಟಿಯಾಗಿರಬಹುದು. ಅರ್ಧ ಸತ್ಯ ಎಂದದ್ದು ಇದಕ್ಕೆ. ಆದರೆ ಮುರಿಯುವುದು ಸಾಮಾನ್ಯವಾಗಿ ಅಲ್ಲಲ್ಲ, ವೆಲ್ಡ್‌ನ ಅಂಚಿನಲ್ಲಿ. ಸ್ಟೀರಿಂಗ್ ಆರ್ಮ್‌ನಂಥ ಭಾಗಗಳನ್ನು ಬಡಿದು ರೂಪಿಸಿ, ಲೆಕ್ಕಾಚಾರದಿಂದ ಕಾಯಿಸಿ, ತಣಿಸಿ ತಯಾರಿಸಿರುತ್ತಾರೆ. ಅವುಗಳ ಬಲ ಇರುವುದೇ ಈ ಹದದಲ್ಲಿ. ವೆಲ್ಡಿಂಗ್ ಶಾಖ ಅಥವಾ ಬಗ್ಗಿಸಲು ಹಿಡಿದ ಗ್ಯಾಸ್ ಜ್ವಾಲೆ ಆ ಹದವನ್ನು ಕೆಡಿಸುತ್ತದೆ. ಒಂದು ಜಾಗ ಮೆತ್ತಗಾಗುತ್ತದೆ, ಪಕ್ಕದ ಜಾಗ ಗಾಜಿನಂತೆ ಬಿರುಸಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಇನ್ನೊಂದು ಸಂಗತಿ ಲೋಹದ ದಣಿವು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಅದೇ ಇದು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ, ಒಂದೇ ಸಲಕ್ಕೆ ಮುರಿಯಲಾಗದ ಉಕ್ಕು ಅದಕ್ಕಿಂತ ಕಡಿಮೆ ಬಲಕ್ಕೂ ಪದೇ ಪದೇ ಸಿಕ್ಕರೆ ಮುರಿಯುತ್ತದೆ ಎಂದು ತೋರಿಸಿದರು. ಆದ್ದರಿಂದ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಹೊಡೆದು "ನೋಡಿ, ಏನೂ ಆಗಲಿಲ್ಲ" ಎನ್ನುವ ಪರೀಕ್ಷೆ ಇಂದಿನ ಬಲವನ್ನಷ್ಟೇ ಹೇಳುತ್ತದೆ. ಹತ್ತು ಸಾವಿರ ಗುಂಡಿಗಳ ನಂತರದ ಬಲವನ್ನು ಹೇಳುವುದಿಲ್ಲ.

ಇಮೋಲಾದ ಪಾಠ

1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ ಮೂರು ಬಾರಿಯ ವಿಶ್ವ ಚಾಂಪಿಯನ್ ಆಯರ್ಟನ್ ಸೆನ್ನಾ ತೀರಿಕೊಂಡರು. ಕುಳಿತುಕೊಳ್ಳುವ ಜಾಗ ಇಕ್ಕಟ್ಟಾಗಿದೆ ಎಂಬ ಕಾರಣಕ್ಕೆ ಅವರ ವಿಲಿಯಮ್ಸ್ ಕಾರಿನ ಸ್ಟೀರಿಂಗ್ ಶಾಫ್ಟನ್ನು ಕತ್ತರಿಸಿ, ಕಡಿಮೆ ವ್ಯಾಸದ ತುಂಡೊಂದನ್ನು ವೆಲ್ಡ್ ಮಾಡಲಾಗಿತ್ತು. ಅಪಘಾತದ ನಂತರ ಆ ಶಾಫ್ಟ್ ಮುರಿದ ಸ್ಥಿತಿಯಲ್ಲಿ ಸಿಕ್ಕಿತು, ಅದರಲ್ಲಿ ದಣಿವಿನ ಬಿರುಕುಗಳಿದ್ದವು. ಅಪಘಾತಕ್ಕೆ ಅದೇ ಕಾರಣವೇ ಎಂಬುದರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಹೌದು ಎಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹೇಳಿತು. ಕಾರಿನ ವಿನ್ಯಾಸಕಾರ ಏಡ್ರಿಯನ್ ನ್ಯೂಯಿ ಅದನ್ನು ಒಪ್ಪುವುದಿಲ್ಲ, ಆದರೆ ಬಿರುಕುಗಳಿದ್ದುದನ್ನು ಅವರೂ ಅಲ್ಲಗಳೆಯುವುದಿಲ್ಲ. ಜಗತ್ತಿನ ಅತ್ಯುತ್ತಮ ಎಂಜಿನಿಯರುಗಳಿದ್ದ ತಂಡದಲ್ಲೇ ಹೀಗಾಗಿತ್ತು ಎಂಬುದನ್ನು ನಾವು ನೆನಪಿಡಬೇಕು.

ಇನ್ನೂ ಮೂರು ತಪ್ಪು ನಂಬಿಕೆಗಳು

"ಗಾಡಿ ಎತ್ತರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದರೆ ಸಾಕು." ಸಾಲದು. ಗಾಡಿ ಎತ್ತರವಾದಾಗ ಸ್ಟೀರಿಂಗ್ ರಾಡ್‌ಗಳು ಓರೆಯಾಗುತ್ತವೆ. ಗಾಲಿ ಗುಂಡಿಗೆ ಇಳಿದು ಮೇಲೆದ್ದಾಗ ಈ ಓರೆ ರಾಡ್ ಗಾಲಿಯನ್ನು ಪಕ್ಕಕ್ಕೆ ಎಳೆಯುತ್ತದೆ. ನಾವು ವೀಲ್ ತಿರುಗಿಸದೆಯೇ ಗಾಡಿ ತಿರುಗುತ್ತದೆ. ಇದನ್ನು 'ಬಂಪ್ ಸ್ಟೀರ್' ಎನ್ನುತ್ತಾರೆ. ನಿಂತ ಗಾಡಿಯಲ್ಲಿ ಮಾಡುವ ಅಲೈನ್‌ಮೆಂಟ್‌ನಲ್ಲಿ ಇದು ಕಾಣುವುದೇ ಇಲ್ಲ.

"ಚಿಕ್ಕ ವೀಲ್ ಹಾಕಿದರೆ ಹಿಡಿತ ಹೆಚ್ಚು." 380 ಮಿ.ಮೀ. ವೀಲ್ ಬದಲು 300 ಮಿ.ಮೀ. ವೀಲ್ ಹಾಕಿದರೆ ಅಷ್ಟೇ ತಿರುವಿಗೆ ಕಾಲುಭಾಗಕ್ಕಿಂತ ಹೆಚ್ಚು ಬಲ ಹಾಕಬೇಕು. ಜೊತೆಗೆ ಮೂಲ ವೀಲ್‌ನಲ್ಲಿದ್ದ ಏರ್‌ಬ್ಯಾಗ್ ಹೋಗಿರುತ್ತದೆ.

"ಶಾಫ್ಟ್ ಎಷ್ಟು ಬಿಗಿಯೋ ಅಷ್ಟು ಸುರಕ್ಷಿತ." ಮುಂದಿನಿಂದ ಡಿಕ್ಕಿಯಾದಾಗ ಸ್ಟೀರಿಂಗ್ ಶಾಫ್ಟ್ ಮಡಚಿಕೊಳ್ಳಬೇಕು, ಇಲ್ಲದಿದ್ದರೆ ಅದು ಈಟಿಯಂತೆ ಚಾಲಕನ ಎದೆಗೆ ನುಗ್ಗುತ್ತದೆ. ಅಮೆರಿಕ 1968ರಿಂದ ಇದಕ್ಕೆ ನಿಯಮವನ್ನೇ ಮಾಡಿದೆ: ಗಂಟೆಗೆ ಸುಮಾರು 48 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿಸಿದಾಗ ಅದು ಹಿಂದಕ್ಕೆ 127 ಮಿ.ಮೀ.ಗಿಂತ ಹೆಚ್ಚು ಸರಿಯಬಾರದು. ಮಡಚುವ ಭಾಗದ ಜಾಗದಲ್ಲಿ ಗಟ್ಟಿ ಪೈಪ್ ವೆಲ್ಡ್ ಮಾಡಿದರೆ ಈ ರಕ್ಷಣೆ ಇಲ್ಲವಾಗುತ್ತದೆ.

ಹಾಗಾದರೆ ಸುರಕ್ಷಿತ ದಾರಿ ಯಾವುದು?

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ವಿಮೆ ಕಂಪನಿಗೂ ತಿಳಿಸಬೇಕು.

ಅನುಮತಿ ಸಿಕ್ಕ ಬದಲಾವಣೆ, ರೇಸ್ ಕಾರು ಅಥವಾ ಪ್ರದರ್ಶನದ ಕಾರಿನ ಕೆಲಸವಾದರೆ ಈ ಅಂಶಗಳನ್ನು ಗಮನಿಸಿ:

• ಶಾಫ್ಟ್ ಜೋಡಿಸಲು ವೆಲ್ಡ್ ಬೇಡ. ಅದಕ್ಕೆಂದೇ ತಯಾರಾದ ಹಲ್ಲುಗಳುಳ್ಳ ಕಪ್ಲರ್ ಅಥವಾ ಡಬಲ್-ಡಿ ಶಾಫ್ಟ್ ಬಳಸಿ.

• ಸ್ಟೀರಿಂಗ್ ಆರ್ಮ್, ಟೈ ರಾಡ್‌ಗಳನ್ನು ಕಾಯಿಸಿ ಬಗ್ಗಿಸಬೇಡಿ. ಅಳತೆ ಹೊಂದದಿದ್ದರೆ ಹೊಂದುವ ಭಾಗ ತರಿಸಿ.

• ಶಾಫ್ಟ್‌ನಲ್ಲಿ ಮೂರು ಯೂನಿವರ್ಸಲ್ ಜಾಯಿಂಟ್‌ಗಳಿದ್ದರೆ ನಡುವೆ ಆಸರೆಯ ಬೇರಿಂಗ್ ಇರಲೇಬೇಕು.

• ಗಾಡಿಯನ್ನು ಜಾಕ್ ಮೇಲೆ ಎತ್ತಿ, ನಂತರ ಇಳಿಸಿ, ಎರಡೂ ಸ್ಥಿತಿಯಲ್ಲಿ ವೀಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಎಲ್ಲೂ ತಾಗಬಾರದು, ಬಿಗಿಯಾಗಬಾರದು.

• ಕ್ಯಾಸಲ್ ನಟ್‌ಗಳಿಗೆ ಹೊಸ ಕಾಟರ್ ಪಿನ್ ಹಾಕಿಸಿ. ಮೊದಲ ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಮತ್ತೆ ಪರೀಕ್ಷಿಸಿ.

ಮೆಕ್ಯಾನಿಕ್‌ನ ಕೈಗುಣದ ಮೇಲೆ ಅನುಮಾನಪಡಿ ಎಂದು ನಾವು ಹೇಳುತ್ತಿಲ್ಲ. ನುರಿತ ಕೈಗೂ ಕಣ್ಣಿಗೂ ಒಳಗಿನ ಬಿರುಕು ಗೊತ್ತಾಗುವುದಿಲ್ಲ. ಸ್ಟೀರಿಂಗ್ ಕೆಟ್ಟರೆ ಅಪಾಯ ಗಾಡಿಯೊಳಗಿದ್ದವರಿಗೆ ಮಾತ್ರವಲ್ಲ, ಎದುರಿನ ಬೈಕ್ ಸವಾರನಿಗೆ, ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳಿಗೂ ಇದೆ. ಆದ್ದರಿಂದ "ಈಗ ಗಟ್ಟಿಯಾಗಿದೆಯೇ?" ಎಂದು ಕೇಳಿ ಸುಮ್ಮನಾಗದೆ, "ಎಷ್ಟು ಕಾಲ ಗಟ್ಟಿಯಾಗಿರುತ್ತದೆ, ಅದು ನಿಮಗೆ ಹೇಗೆ ಗೊತ್ತು?" ಎಂದೂ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಕಂಪನಿ ಕೊಟ್ಟ ಸ್ಟೀರಿಂಗನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.